ಒಸಾಕಾದಲ್ಲೊಂದು ಬೋಣಿ

ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಗೂಟದಲ್ಲಿ ಒಂದು ಸಿಂಬಿ ನೇತಾಡುತ್ತಿತ್ತು. ಹಳೆಯ ಸೀರೆಯ ತುಂಡನ್ನು ಹೊಸೆದು ಬಳೆಯಂತೆ ಸುತ್ತಿದ ಆ ಬಟ್ಟೆಯನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಅವ್ವ ವರ್ಷಗಟ್ಟಲೆ ಅಕ್ಕಿಆಲೂರಿನ ಸಂತೆಗೆ ನಡೆದಳು. ಆ ನಡಿಗೆಯ ಮೇಲೆ ನಾನು ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾನಗಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ, ಇನ್ನು ಸಂತೆ ಸಾಕೆಂದು ಅವ್ವನನ್ನು ಮನೆಯಲ್ಲಿ ಕೂಡಿಸಿದ್ದು. ಅವಳು ಸಿಂಬಿಯನ್ನು ಗೂಟಕ್ಕೆ ಹಾಕಿದಳು.

ಸಂತೆಯ ಜಾಗಕ್ಕೆ ಕಾಗದಪತ್ರವಿಲ್ಲ, ಕೂತವರದೇ ಜಾಗ. ಅವ್ವನ ಪಕ್ಕದಲ್ಲಿ ಕೂರುತ್ತಿದ್ದ ಫಕ್ಕೀರವ್ವ ಆ ಖಾಲಿ ನೆಲದ ಮೇಲೆ ತನ್ನದೊಂದು ಗೋಣಿತಟ್ಟು ಹಾಸಿ ಕಾಯುತ್ತಿದ್ದಳು. ನಾನು ಜಪಾನಿಗೆ ಹೊರಟ ವಾರ ಅವಳಿಂದ ಮಾತು ಬಂತು: ಇನ್ನೊಂದು ತಿಂಗಳು ಕಾಯುತ್ತೇನೆ, ಆಮೇಲೆ ಆಗದು. ಅವ್ವ ಅದನ್ನು ಹೇಳಿ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ.

ಶಿಕ್ಷಕರ ತರಬೇತಿಗೆಂದು ಒಸಾಕಾ ನಗರಕ್ಕೆ ಹೋದ ನಮ್ಮನ್ನು ಒಂದು ಸಂಜೆ ದೋತೊಂಬೊರಿ ಎಂಬ ಪೇಟೆಗೆ ಕರೆದೊಯ್ದರು. ಏನು ಹೇಳಲಿ ಗೆಳೆಯರೆ, ಅಲ್ಲಿ ಅಂಗಡಿಯೊಂದರ ಹಣೆಯ ಮೇಲೆ ಎತ್ತಿನಗಾಡಿಯಷ್ಟು ದೊಡ್ಡ ಯಂತ್ರದ ಏಡಿ ಕಾಲಾಡಿಸುತ್ತದೆ, ಕಾಲುವೆಯ ನೀರಿನಲ್ಲಿ ದೀಪಗಳು ಓಕುಳಿಯಾಡುತ್ತವೆ, ನಮ್ಮ ಪಡ್ಡಿನ ಹಂಚಿನಂಥದ್ದೇ ಹಂಚಿನಲ್ಲಿ ಯಾವುದೋ ಕಡಲಪ್ರಾಣಿಯ ತುಂಡನ್ನು ಹಿಟ್ಟಿನೊಳಗೆ ಬೇಯಿಸುತ್ತಾರೆ. ಪ್ರತಿ ಬಾಗಿಲಲ್ಲೂ ಕೂಗಿ ಕರೆಯುವವರು. ಒಂದು ಪದವೂ ತಿಳಿಯಲಿಲ್ಲ, ಆದರೆ ಆ ರಾಗ ನನಗೆ ಹುಟ್ಟಿನಿಂದ ಗೊತ್ತಿದ್ದದ್ದು.

ಮರುದಿನ ಬೆಳಿಗ್ಗೆ ಬಿಡುವಿತ್ತು. ಮಾಡು ಹೊದಿಸಿದ ಅಂಗಡಿಬೀದಿಗೆ ಒಬ್ಬಳೇ ಹೋದೆ, ಬಾಗಿಲುಗಳು ಆಗಷ್ಟೇ ಮೇಲೇಳುತ್ತಿದ್ದವು. ತಲೆ ನರೆತ ಹೆಂಗಸೊಬ್ಬಳು ಉದ್ದನೆಯ ಕೈವಸ್ತ್ರಗಳನ್ನು ಜೋಡಿಸುತ್ತಾ ನನ್ನನ್ನು ಕಂಡು ಕೂಗಿ ಕರೆದಳು. ಸುಮ್ಮನೆ ಒಂದರ ಮೇಲೆ ಬೆರಳಿಟ್ಟೆ. ಅವಳು ಹತ್ತು ಬಿಡಿಸಿ ಹರಡಿದಳು. ಆಗ ಹೊಳೆಯಿತು, ಇವಳಿಗೆ ನಾನೇ ದಿನದ ಮೊದಲ ಗಿರಾಕಿ, ಬೋಣಿ ನನ್ನದು. ಬೋಣಿಯ ಹೊತ್ತಿನಲ್ಲಿ ಸರಕು ಮುಟ್ಟಿ ಬರಿಗೈಯಲ್ಲಿ ಎದ್ದುಹೋದವರ ಬೆನ್ನನ್ನು ನಮ್ಮವ್ವ ನೋಡುತ್ತಿದ್ದ ಬಗೆ ನನಗೆ ಗೊತ್ತು. ಕಾಲು ಕೀಳಲಾಗಲಿಲ್ಲ. ಬಿಳಿ ಅಲೆಗಳ ಒಂದು ನೀಲಿ ವಸ್ತ್ರ ಕೊಂಡೆ. ಪಕ್ಕದ ಅಂಗಡಿಯಲ್ಲಿ ಬಾಚಣಿಗೆ ಮುಟ್ಟಿದೆ. ಅಲ್ಲೂ ನಾನೇ ಮೊದಲಿಗಳು, ಅದನ್ನೂ ಕೊಂಡೆ. ಅದರಾಚೆಗಿನದರಲ್ಲಿ ಒಂದು ಮರದ ಸೌಟು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಆ ಬೀದಿಯಿಂದ ಕಳ್ಳಿಯಂತೆ ಪಾರಾದೆ.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಸ್ತ್ರ ಮಾರಿದವಳ ವಯಸ್ಸೆಷ್ಟೆಂದು ಕೇಳಿದಳು. ನಿನ್ನಷ್ಟೇ, ಒಂದೆರಡು ವರ್ಷ ಹೆಚ್ಚೇ ಇರಬೇಕು ಎಂದೆ. ಅವಳು ಅದನ್ನು ಮೊಣಕಾಲ ಮೇಲೆ ಹರಡಿ ಸವರಿದಳು.

“ಪಾಪ, ಆಕಿಗೆ ಸಾಲಿ ಕಲಿತ ಮಗಳು ಇದ್ದಿಲ್ಲೇನವಾ, ಮನ್ಯಾಗ ಕುಂದ್ರಸಾಕ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅವ್ವನ ತಲೆಯ ಹೊರೆ ಇಳಿಸಿದೆನೆಂದು ನಾಲ್ಕು ಜನರೆದುರು ಹೇಳಿಕೊಂಡವಳು ನಾನು. ನಿಜ ಹೇಳಬೇಕೆಂದರೆ, ನನ್ನ ಜೊತೆಯ ಶಿಕ್ಷಕರು ಅದೇ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಾರೆ. ಇಳಿಸಿದ್ದು ನನ್ನ ಹೊರೆಯನ್ನು. ಒಸಾಕಾದಲ್ಲಿ ಯಾರದೋ ತಾಯಿಯ ಬೋಣಿ ಕೆಡಬಾರದೆಂದು ಸೌಟು ಕೊಂಡವಳು, ನನ್ನವ್ವನ ಬೋಣಿಯನ್ನೇ ಆರು ತಿಂಗಳು ನಿಲ್ಲಿಸಿದ್ದೆ. ಬೇಕಿದ್ದರೆ ನಾಳೆಯ ಸಂತೆಗೇ ಹೋಗು ಎಂದೆ. ಅವ್ವ ಆ ವಸ್ತ್ರವನ್ನು ಒಳಗೊಯ್ದಳು.

ಮರುದಿನ ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೆ ಅಕ್ಕಿಆಲೂರಿಗೆ ಹೋದೆ. ನಸುಕಿನಲ್ಲೇ ನಡೆದು ಬಂದ ಅವ್ವ ಆಗಲೇ ಬುಟ್ಟಿ ಇಳಿಸಿ ಕೂತಿದ್ದಳು, ಫಕ್ಕೀರವ್ವ ತನ್ನ ತಟ್ಟನ್ನು ಮಡಚುತ್ತಿದ್ದಳು.

“ಬಂದ್ರು ನೋಡ ಸಾಲಿ ಅಕ್ಕೋರು,” ಎಂದಳು ಫಕ್ಕೀರವ್ವ. “ತಗೊಳ್ಳೂದಿದ್ರ ಅಷ್ಟ ಮುಟ್ರಿ, ಇನ್ನೂ ಬೋಣಿ ಆಗಿಲ್ಲ.”

ನಾನು ಒಂದು ಕಟ್ಟು ಮೆಂತ್ಯ ಎತ್ತಿಕೊಂಡೆ. ಅವ್ವ ಬೇರೆ ಗಿರಾಕಿಗಳಿಂದ ಪಡೆದಂತೆಯೇ ನನ್ನ ನೋಟನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿದಳು, ಪಕ್ಕಕ್ಕೆ ತಿರುಗಿ ಕೂಗಲು ಶುರುಮಾಡಿದಳು. ಬುಟ್ಟಿಯ ಮಗ್ಗುಲಲ್ಲಿ ಹೊಸ ಸಿಂಬಿ ಇತ್ತು, ನೀಲಿ ಬಟ್ಟೆಯದು. ಹೊಸೆದ ಮಡಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಅಲೆ ಕಾಣುತ್ತಿತ್ತು.