ಗ್ಯಾರೇಜಿನ ಮೇಲಿದ್ದ ಮುಖ

ಅಮೆರಿಕದಲ್ಲಿ ಮನೆ ಕೊಂಡ ವರ್ಷವೇ ಕಾರು ಜಜ್ಜಿಹೋಯಿತು, ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಿತು. ಎಲ್ಲಕ್ಕೂ ದೃಷ್ಟಿಯೇ ಕಾರಣ ಎಂದು ನಮ್ಮ ಯಜಮಾನರು ತೀರ್ಮಾನಿಸಿದರು. ಸೌತ್‌ಫೀಲ್ಡ್‌ನಲ್ಲಿ ನಮ್ಮ ಮೇಲೆ ಕಣ್ಣು ಹಾಕುವಷ್ಟು ಪುರುಸೊತ್ತು ಯಾರಿಗಿದೆಯೋ! ಸತ್ತವರೊಬ್ಬರ ಮನೆಯ ಸಾಮಾನು ಮಾರುವಲ್ಲಿಗೆ ಹೋಗಿ ಆಫ್ರಿಕಾದ ಮರದ ಮುಖವಾಡವೊಂದನ್ನು ತಂದರು. ದೃಷ್ಟಿಬೊಂಬೆ ಸಿಕ್ಕಿತೆಂದು ಗ್ಯಾರೇಜಿನ ಬಾಗಿಲ ಮೇಲೆ ತೂಗುಹಾಕಿ, ಪಕ್ಕದಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅವರು ಹೇಳಿದ್ದಕ್ಕೆ ನಾನು ಏಣಿ ಹಿಡಿದುಕೊಂಡೆ. ಮದುವೆಯಾದ ಹತ್ತೊಂಬತ್ತು ವರ್ಷದಿಂದ ಅದೇ ಅಭ್ಯಾಸ.

ಎದುರು ಮನೆಯಾಕೆ ಸಿಯೆರಾ ಲಿಯೋನ್‌ನವಳು, ನರ್ಸ್. ಹಿಮದಲ್ಲಿ ಡ್ರೈವ್ ಮಾಡಲು ಕಲಿಸಿದವಳು. ಆ ಬೀದಿಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಮುಖವಾಡ ಏರಿದ ಮೇಲೆ ಕಂಡರೂ ಕಾಣದಂತೆ ಹೋಗತೊಡಗಿದಳು. ನನಗೆ ಸಿಟ್ಟು ಬಂತು. ರಸ್ತೆ ದಾಟಿ ಹೋಗಿ ನೇರವಾಗಿ ಕೇಳಿದೆ.

ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಂತು ಹೇಳಿದಳು. ಅವಳ ತಾಯಿಯ ಊರಲ್ಲಿ ಹುಡುಗಿಯರು ಕೆಲಕಾಲ ಬೇರೆಯಿದ್ದು ದೊಡ್ಡವರಾಗಿ ಹೊರಬರುವ ದಿನ, ಹಿರಿಯ ಹೆಂಗಸೊಬ್ಬಳು ಇಂಥ ಮುಖವಾಡ ತೊಟ್ಟು ಮುಂದೆ ಕುಣಿಯುತ್ತಾಳಂತೆ. ಕುಣಿತವಿಲ್ಲದಾಗ ಹೆಂಗಸರೇ ಬಟ್ಟೆ ಸುತ್ತಿ ಜೋಪಾನ ಮಾಡುತ್ತಾರಂತೆ. ಆ ಹೊಳೆಯುವ ಕಪ್ಪು, ಎಣ್ಣೆ ಹಚ್ಚಿಕೊಂಡ ಹೆಣ್ಣಿನ ಚೆಲುವು. ನಮಗೆ ತಿಳಿದ ಅತ್ಯಂತ ಸುಂದರ ಮುಖವನ್ನು ನೀವು ಜನರನ್ನು ಹೆದರಿಸಲು ಹಾಕಿದ್ದೀರಿ ಎಂದಳು. ಮೊದಲು ಅದನ್ನು ಮಾರಿದವರು ನಿಮ್ಮವರೇ ಅಲ್ಲವೇ ಎಂದು ನಾನೂ ಚುಚ್ಚಿದೆ. ಅವಳು ಬಾಗಿಲು ಹಾಕಿಕೊಂಡಳು. ನಾಚಿಕೆಯಾಯಿತು, ಅದರಿಂದ ಸಿಟ್ಟು ಇನ್ನೂ ಏರಿತು.

ಸಂಜೆ ಗ್ಯಾರೇಜಿನ ಮುಂದೆ ನಿಂತು ಯಜಮಾನರಿಗೆ ಅದನ್ನು ಇಳಿಸಿ ಎಂದೆ. ಆಗುವುದಿಲ್ಲ ಎಂದರು.

"ಹಲ್ಲಿಲ್ಲ, ನಾಲಗೆ ಚಾಚಿಲ್ಲ, ಕಣ್ಣು ಅರ್ಧ ಮುಚ್ಚಿದೆ. ಹೆದರೋ ಅಂಥದ್ದು ಅದ್ರಲ್ಲಿ ಏನಿದೆ ಹೇಳಿ," ಅಂದೆ.

ಅವರು ತಲೆ ಎತ್ತಿ ಮುಖವಾಡವನ್ನು ನೋಡಿದರು.

"ಕಪ್ಪಗಿದೆಯಲ್ಲೇ."

ಹೆಣ್ಣು ನೋಡಲು ಬಂದ ದಿನ ಅವರಮ್ಮ ನಡುಮನೆಯಲ್ಲಿ ಎಲ್ಲರೆದುರು, ಹುಡುಗಿ ಕಪ್ಪು, ಆದರೂ ಪರವಾಗಿಲ್ಲ ಎಂದಿದ್ದರು. ಇವರು ಕಾಫಿ ಕುಡಿಯುತ್ತ ಕೂತಿದ್ದರು. ಅದನ್ನು ನಾನು ಒಂದು ದಿನವೂ ಮರೆತಿಲ್ಲ.

ಏಣಿ ನಾನೇ ಹಾಕಿದೆ. ಮುಖವಾಡ ಇಳಿಸಿ ಧೂಳು ಒರೆಸಿ, ಕಪಾಟಿನ ತಳದಲ್ಲಿದ್ದ ಬಿಳಿ ಸೀರೆ ತೆಗೆದು ಸುತ್ತಿದೆ.

"ಅದು ಧಾರೆ ಸೀರೆ ಕಣೇ," ಎಂದರು ಹಿಂದಿನಿಂದ.

ಗೊತ್ತು ಎಂದೆ. ರಸ್ತೆ ದಾಟಿ ಎದುರು ಮನೆಯ ಬೆಲ್ ಒತ್ತಿದೆ.