ಬದುಕಿದ್ದವರಿಗೆ ಕಟ್ಟಿದ ಶೋಕರಾಗ

ಸಂಗೀತ ಕಟ್ಟುವವರು ಗಾಳಿ ಕುಡಿದು ಬದುಕುತ್ತಾರೆ ಅಂದುಕೊಂಡವರೇ ಹೆಚ್ಚು. ಅವರಿಗೂ ಹೊಟ್ಟೆ ಇದೆ ಸ್ವಾಮಿ! ನಮ್ಮ ಮೇಷ್ಟ್ರ ಹೊಟ್ಟೆ ತುಂಬುತ್ತಿದ್ದುದು ದೊಡ್ಡ ಧಣಿಗಳ ಬಂಗಲೆಯಲ್ಲಿ. ಧಣಿ ಉಣ್ಣುವಾಗ ಒಂದು ರಾಗ, ಅವರ ಮಗಳು ಕುಣಿಯುವುದಕ್ಕೊಂದು, ನಾಯಿ ಮರಿ ಹಾಕಿದರೆ ಅದಕ್ಕೂ ಒಂದು. ಆಳುಗಳಂತೆಯೇ ಹಿತ್ತಾಳೆ ಗುಂಡಿಯ ಕೋಟು ತೊಟ್ಟು, ಅಡುಗೆಯವರ ಪಂಕ್ತಿಯಲ್ಲಿ ಉಣ್ಣಬೇಕು. ಮೇಷ್ಟ್ರಿಗೆ ಅದರ ಬೇಸರವಿರಲಿಲ್ಲ. ಹಿಂಬದಿಯಲ್ಲಿ ಎರಡು ಕೋಣೆಯ ಮನೆ, ಹೆಂಡತಿ, ಕಿಟಕಿ ಪಕ್ಕ ಬರೆಯುವ ಮೇಜು, ಇಷ್ಟಿದ್ದರೆ ಸಾಕು. ಬರೆಯದ ದಿನ ಮಾತ್ರ ಅವರ ಮುಖ ನೋಡುವಂತಿರಲಿಲ್ಲ.

ಆ ವರ್ಷ ಧಣಿ ಹಾಸಿಗೆ ಹಿಡಿದರು. ಬಂಗಲೆಯ ತುಂಬ ಪಿಸುಮಾತು. ಯಜಮಾನ ಸತ್ತ ಮಾರನೇ ಬೆಳಿಗ್ಗೆ ಹೊಸ ಶೋಕರಾಗ ನುಡಿಸಬೇಕೆಂಬುದು ಆ ಮನೆತನದ ಕಟ್ಟಳೆ. ರಾತ್ರೋರಾತ್ರಿ ಅಂಥದ್ದನ್ನು ಕಟ್ಟಲು ಯಾರಪ್ಪನಿಂದಲೂ ಆಗದು. ಮೇಷ್ಟ್ರು ಗುಟ್ಟಾಗಿ ಮೊದಲೇ ಬರೆಯಲು ಕೂತರು.

"ಬದುಕಿರೋರಿಗೆ ಸಾವಿನ ರಾಗಾನಾ? ಬಿಡ್ತು ಅನ್ರೀ!" ಎಂದಳು ಹೆಂಡತಿ.

"ಸುಮ್ನಿರೇ. ಆ ದಿನ ಕೈಕಟ್ಟಿ ನಿಂತ್ರೆ ಚಿಕ್ಕ ಧಣಿ ನಮ್ಮನ್ನ ಬೀದಿಗೆ ಹಾಕ್ತಾರೆ."

ಬರೆದದ್ದನ್ನು ಬಿಡಿಬಿಡಿ ಹಾಳೆ ಮಾಡಿ, ಬಂಗಲೆಯ ವಾದ್ಯಮೇಳದಲ್ಲಿ ಪಿಟೀಲಿನವನಿಗೆ ಅವನದು, ಕೊಳಲಿನವನಿಗೆ ಅವನದು ಎಂದು ಹಂಚಿದರು. ಕೇಳಿದವರಿಗೆಲ್ಲ ಬರೀ ಕೈ ಪಳಗಿಸುವ ಅಭ್ಯಾಸ ಎಂದರು. ಆದರೆ ಆ ಪಿಟೀಲಿನವನಿದ್ದನಲ್ಲ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವ ಆಸಾಮಿ! ತಾನು ನಿಲ್ಲಿಸುವ ಕಡೆಯೆಲ್ಲ ಕೊಳಲು ನುಡಿಯುತ್ತದೆಂದು ಪತ್ತೆ ಹಚ್ಚಿದ. "ಎಂಥಾ ಚೆಂದದ್ದು ಕಟ್ಟಿದಾರೋ ಮೇಷ್ಟ್ರು! ಧಣಿ ಕೇಳಿದ್ರೆ ಎದ್ದು ಕೂರ್ತಾರೆ" ಎಂದವನೇ ಎಲ್ಲರನ್ನೂ ಕರೆದೊಯ್ದು ರೋಗಿಯ ಕಿಟಕಿಯ ಕೆಳಗೇ ನುಡಿಸಿಬಿಟ್ಟ.

ಗಡ್ಡ ಹೆರೆಯುತ್ತಿದ್ದ ಮೇಷ್ಟ್ರ ಕಿವಿಗೆ ಅದು ಬಿತ್ತು. ಅರ್ಧ ಸೋಪು ಮೆತ್ತಿದ ಮುಖದಲ್ಲೇ ಓಡಿದರು. ಅಷ್ಟರಲ್ಲಿ ಮೇಲಿನಿಂದ ಕರೆ ಬಂದಿತ್ತು.

ಪರದೆ ಎಳೆದ ಕೋಣೆ, ಔಷಧಿಯ ಘಾಟು. ಮಂಚದ ಪಕ್ಕ ಮಗ, ಚಿಕ್ಕ ಧಣಿ, ನಿಂತಿದ್ದರು.

"ಇದು ನಂದೇ ಅಲ್ವಾ?" ಎಂದರು ದೊಡ್ಡ ಧಣಿ.

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಚೆನ್ನಾಗಿದೆ ಕಣಯ್ಯಾ. ತನ್ನದನ್ನ ತಾನೇ ಕೇಳ್ಕೊಂಡು ಹೋಗೋ ಭಾಗ್ಯ ಯಾರಿಗುಂಟು!" ಮುದುಕರು ನಕ್ಕರು. ಮಗ ನಗಲಿಲ್ಲ.

ಆ ವಾರದಲ್ಲೇ ದೊಡ್ಡ ಧಣಿ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮಗ ಮೇಷ್ಟ್ರನ್ನು ಕರೆಸಿದರು.

"ನಂದೂ ಶುರು ಮಾಡಿದೀರೋ?"

"ಅಯ್ಯಯ್ಯೋ, ಇಲ್ಲ ಬುದ್ಧಿ!"

"ಮಾಡಲೂಬೇಡಿ. ಮನೆ, ಊಟ, ಸಂಬಳ ಇದ್ದ ಹಾಗೇ ಇರುತ್ತೆ. ನಾನು ಬದುಕಿರೋ ತನಕ ನೀವು ಒಂದು ಸ್ವರಾನೂ ಬರೀಕೂಡ್ದು. ಬೇರೆ ಕಡೆ ಹೋಗೋಕೂ ಅಪ್ಪಣೆ ಇಲ್ಲ."

ಚಿಕ್ಕ ಧಣಿಗೆ ಇನ್ನೂ ಇಪ್ಪತ್ತೈದು. ಮೇಷ್ಟ್ರಿಗೆ ಐವತ್ತು ದಾಟಿತ್ತು.

ಮನೆಗೆ ಬಂದರೆ ಇಬ್ಬರು ಆಳುಗಳು ಮೇಜನ್ನು ಹೊರಗೆ ಸಾಗಿಸುತ್ತಿದ್ದರು. "ಸದ್ಯ, ಹೊಟ್ಟೆಪಾಡು ಉಳೀತಲ್ಲ" ಎಂದು ಹೆಂಡತಿ ನಿಟ್ಟುಸಿರಿಟ್ಟಳು. ಮೇಷ್ಟ್ರು ಗೋಡೆಗೊರಗಿ ಕೂತರು. ಅವರ ಬೆರಳುಗಳು ತಮ್ಮಷ್ಟಕ್ಕೆ ಮೊಣಕಾಲಿನ ಮೇಲೆ ಏನನ್ನೋ ಬರೆಯುತ್ತಿದ್ದವು. ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ಅವರ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು.

"ಬೇಡಾರೀ, ಯಾರಾದ್ರೂ ನೋಡ್ತಾರೆ."