ಓ ಪಾಸಿಟಿವ್ ಎಂದು ಬರೆದವನು ನಾನೇ

ಇಷ್ಟು ವರ್ಷ ಬರೆದಿದ್ದೇನೆ. ಒಂದು ಜೀವದ ಮೇಲೆ ನಿಜವಾಗಿ ಪರಿಣಾಮ ಬೀರಿದ ನನ್ನ ಬರಹ ಎರಡೇ ಪದದ್ದು: ಓ ಪಾಸಿಟಿವ್.

ಅದನ್ನು ಬರೆದದ್ದು ಪತ್ರಿಕೆಯಲ್ಲಲ್ಲ, ಅಕ್ಕನ ಮಗಳು ಸೆಲ್ವಿಯ ಮದುವೆ ಬಯೋಡೇಟಾದಲ್ಲಿ. ತಮಿಳುನಾಡಿನ ತೇನಿ ಕಡೆಯ ಮಾರ್ಕಯನ್‌ಕೋಟ್ಟೈ ನಮ್ಮೂರು. ಅಲ್ಲಿ ಕನ್ನಡದ ನಮ್ಮ ಮನೆಮಂದಿಗೆಲ್ಲ ನಾನೇ ರೈಟರ್. ಕರೆಂಟ್ ಆಫೀಸಿಗೆ ಅರ್ಜಿ, ಸತ್ತವರ ಪೋಸ್ಟರ್, ಹೆಣ್ಣುಮಕ್ಕಳ ಬಯೋಡೇಟಾ (ತಮಿಳಿನಲ್ಲಿ, ಅಂದವಾಗಿ) ಎಲ್ಲ ನನ್ನ ತಲೆಗೇ. ನಕ್ಷತ್ರ, ಬಣ್ಣ, ಎತ್ತರ ಬರೆದಾಯಿತು. ರಕ್ತದ ಗುಂಪಿನ ಸಾಲಿಗೆ ಬಂದಾಗ ಅಕ್ಕ ಬೀರುವಿನಿಂದ ಒಂದು ಪತ್ರ ತೆಗೆದು ತೋರಿಸಿದಳು.

ಸೆಲ್ವಿ ಕಾಲೇಜಿನ ರಕ್ತದಾನ ಕ್ಯಾಂಪಿಗೆ ಹೋಗಿದ್ದಾಗ ಬಂದ ಪತ್ರ. ಅವಳದು ಬಾಂಬೆ ಗ್ರೂಪ್, ಬಹಳ ಅಪರೂಪದ್ದು. ಸಾದಾ ಪರೀಕ್ಷೆಯಲ್ಲಿ ಓ ಥರವೇ ಕಾಣುತ್ತದೆ. ಆದರೆ ಓ ರಕ್ತ ಏರಿಸಿದರೆ ಮೈ ಅದನ್ನು ಒಡೆದುಹಾಕುತ್ತದೆ, ಪ್ರಾಣವೇ ಹೋಗಬಹುದು. ಬಾಂಬೆಗೆ ಬಾಂಬೆಯೇ ಆಗಬೇಕು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಅಪರೂಪದ ದಾನಿಗಳ ಪಟ್ಟಿಗೆ ಹೆಸರು ಕೊಡಿ ಎಂದು ಬರೆದಿದ್ದರು.

ತಂದೆ ತಾಯಿ ಇಬ್ಬರ ಕಡೆಯಿಂದಲೂ ಗುಟ್ಟಾಗಿ ಇಳಿದು ಬಂದರೆ ಮಾತ್ರ ಹೀಗಾಗುತ್ತದಂತೆ. ನಮ್ಮಲ್ಲಿ ಅದಕ್ಕೇನು ಬರ? ಅಕ್ಕನನ್ನು ಕೊಟ್ಟದ್ದೇ ಸೋದರಮಾವನಿಗೆ. ತೋಟ ಹೊರಗೆ ಹೋಗಬಾರದಲ್ಲ! ತೋಟ ಹೋಗಲಿಲ್ಲ. ಇದೂ ಹೋಗಲಿಲ್ಲ.

"ಓ ಪಾಸಿಟಿವ್ ಅಂತ್ಲೇ ಬರಿ, ತಂಬಿ," ಎಂದಳು ಅಕ್ಕ. "ರತ್ತದಾಗೆ ಕೊರೆ ಅದೆ ಅಂದ್ರೆ ಯಾವ ಮಾಪ್ಳೆ ಬತ್ತಾನೆ?"

ಬರೆದೆ. (ವಾದ ಮಾಡಲಿಲ್ಲವೇ? ಮಾಡಿದೆ, ಐದು ನಿಮಿಷ. ಕಾಫಿ ಬಂತು, ಬರೆದೆ.)

ಜಾತಕದಲ್ಲಿ ಹತ್ತಕ್ಕೆ ಹತ್ತು ಕೂಡಿಬಂತು. ಮದುವೆಯೂ ಆಯಿತು. ಗಂಡನ ಮನೆಯಲ್ಲಿ ಬಾಯಿ ಬಿಡಬಾರದೆಂದು ಅಕ್ಕ ಮಗಳಿಂದ ಆಣೆ ಮಾಡಿಸಿಕೊಂಡಿದ್ದಳು. ಬಸುರಿಯಾದ ಮೇಲೆ ಪ್ರತಿ ಚೆಕಪ್ಪಿಗೂ ಅತ್ತೆ ಜೊತೆಗಿರುತ್ತಿದ್ದಳು. ಸೆಲ್ವಿ ಸುಮ್ಮನಿದ್ದಳು. ಆಸ್ಪತ್ರೆ ಕಾರ್ಡಿನಲ್ಲೂ ಓ ಪಾಸಿಟಿವ್ ಎಂದೇ ಬಿತ್ತು. ನನ್ನ ಸುಳ್ಳಿಗೆ ಸೀಲು ಬಿದ್ದ ಹಾಗಾಯಿತು.

ಕಳೆದ ತಿಂಗಳು, ಬೆಳಿಗ್ಗೆ ಹನ್ನೊಂದಕ್ಕೆ, ಅವಳ ಗಂಡ ತೇನಿಯ ಆಸ್ಪತ್ರೆಯಿಂದ ಫೋನ್ ಮಾಡಿದ. ಹೆಣ್ಣುಮಗುವಾಗಿದೆ, ಆದರೆ ಸೆಲ್ವಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಓ ಬ್ಯಾಗುಗಳು ಬೇಕಾದಷ್ಟಿವೆ, ಅವಳ ರಕ್ತದ ಜೊತೆ ಬೆರೆಸಿ ನೋಡಿದರೆ ಒಂದೂ ಹೊಂದುತ್ತಿಲ್ಲ. ಲ್ಯಾಬಿನ ಹೆಂಗಸು ಒಂದು ಬ್ಯಾಗನ್ನೂ ಹೊರಗೆ ಬಿಡುತ್ತಿಲ್ಲ ಎಂದು ಅವಳ ಮೇಲೆ ಸಿಟ್ಟಾಗಿದ್ದ. (ಆ ಪುಣ್ಯಾತ್ಮಳು ಬಿಟ್ಟಿದ್ದರೆ ನಾನು ಕೊಲೆಗಾರನಾಗುತ್ತಿದ್ದೆ.)

ನಿಮ್ಮ ಅತ್ತೆ ಏನೂ ಹೇಳಲಿಲ್ಲವೇ ಎಂದೆ. ಪಕ್ಕದಲ್ಲೇ ಕೂತು ಅಳುತ್ತಿದ್ದಾರೆ ಎಂದ.

ಬೀಗರ ಎದುರು ಅಳುತ್ತಿದ್ದಳು ನನ್ನ ಅಕ್ಕ. ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ನಾನೇ ಹೇಳಿದೆ, ಬಾಂಬೆ ಗ್ರೂಪ್, ಲ್ಯಾಬಿಗೆ ಓಡು ಎಂದೆ.

"ನಿಮ್ಗೆ ಮುಂಚೇನೇ ಗೊತ್ತಾ, ಮಾಮಾ?" ಎಂದ.

ಅಲ್ಲಿದ್ದ ನಮ್ಮವರನ್ನೆಲ್ಲ ಪರೀಕ್ಷಿಸಿದರು. ಯಾರದೂ ಆಗಲಿಲ್ಲ. ಪಟ್ಟಿಯಲ್ಲಿ ಸಿಕ್ಕಿದ್ದು ನಿಲಕ್ಕೋಟ್ಟೈಯ ಒಬ್ಬ ಹೂವಿನ ವ್ಯಾಪಾರಿ. ನಮ್ಮ ಜಾತಿಯವನಲ್ಲ, ನೆಂಟನೂ ಅಲ್ಲ. ಮಲ್ಲಿಗೆ ಮೂಟೆಗಳನ್ನು ಹಾಗೇ ಬಿಟ್ಟು ದಿಂಡಿಗಲ್‌ಗೆ ಹೋಗಿ ರಕ್ತ ಕೊಟ್ಟ. ಪರೀಕ್ಷೆಯಾಗಿ ಅದು ತೇನಿಗೆ ಬರುವಾಗ ಸಂಜೆ. ಅಲ್ಲಿಯ ತನಕ ಕಾಯಲಾಗದೆ ಡಾಕ್ಟರ್ ಮಧ್ಯಾಹ್ನವೇ ಗರ್ಭಕೋಶ ತೆಗೆದಿದ್ದರು. ಮೊದಲೇ ಹೇಳಿದ್ದರೆ ರಕ್ತ ಹೊಂದಿಸಿ ಇಟ್ಟುಕೊಳ್ಳುತ್ತಿದ್ದೆವು, ಒಂಬತ್ತು ತಿಂಗಳಿತ್ತಲ್ಲ ಎಂದರು. ಸೆಲ್ವಿ ಉಳಿದಳು. ಇಪ್ಪತ್ನಾಲ್ಕು ವರ್ಷ ಅವಳಿಗೆ. ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ.

ಮದುವೆಗೆ, ತಿಥಿಗೆ ರಕ್ತಸಂಬಂಧ ಅಂತ ಎದೆ ತಟ್ಟಿಕೊಂಡು ಮೊದಲ ಪಂಕ್ತಿಯಲ್ಲಿ ಕೂರುವವರು ನಮ್ಮಲ್ಲಿ ಎಷ್ಟು ಜನ! ಆ ಪಟ್ಟಿಗೆ ಹೆಸರು ಕೊಟ್ಟವರು? ಒಬ್ಬರೂ ಇಲ್ಲ. ಮರುದಿನ ಕೊಯಮತ್ತೂರಿನ ಹಾಸ್ಟೆಲಿನಿಂದ ಸೆಲ್ವಿಯ ತಂಗಿ ಮಲರ್ ಬಂದಳು. ಅವಳದನ್ನೂ ನೋಡಿದರು. ಬಾಂಬೆ. ಮೊದಲೇ ಆ ಪತ್ರ ಹೇಳಿದಂತೆ ಕೇಳಿದ್ದರೆ, ಹೆರಿಗೆಯ ದಿನ ರಕ್ತ ಕೊಡಲು ಸೆಲ್ವಿಯ ಪಕ್ಕದಲ್ಲೇ ಇರುತ್ತಿದ್ದಳು.

ಕಳೆದ ಭಾನುವಾರ ಅಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲಿ ಮಲರ್‌ಳ ಫೋಟೋ, ಜಾತಕ.

"ಎಲ್ಲಾನೂ ನೀನೇ ಬರಿ, ತಂಬಿ. ರತ್ತದ್ದು ಮಾತ್ರ ನಾನು ಸೊಲ್ದಂಗೆ ಬರಿ," ಎಂದಳು.

ಬರೆಯುವುದಿಲ್ಲ ಎಂದೆ. ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. ಆಡಲಿಲ್ಲ. ಫೋಟೋ, ಜಾತಕ ಮತ್ತೆ ಕವರಿಗೆ ಹಾಕಿಕೊಂಡು ತೇನಿ ಬಸ್ಸು ಹತ್ತಿದಳು.

ಅಲ್ಲಿ ಡಿಟಿಪಿ ಸೆಂಟರುಗಳು ಸಾಲಾಗಿವೆ. ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿಕೊಡುತ್ತಾರೆ, ಕಾಫಿಯನ್ನೂ ಕೇಳುವುದಿಲ್ಲ.